ಎರಡನೇ ಮುದ್ದೆ

ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಬಿಸಿಯೂಟ ಬೇಯಿಸುವ ಶ್ಯಾಮಲಮ್ಮ ಅದೇ ಸ್ಕೂಲಿನ ಗುಮಾಸ್ತ ಬಯ್ಯಪ್ಪನ ಜೊತೆ ಸಂಸಾರ ಹೂಡಿದಾಗ ಅವಳಿಗೆ ನಲವತ್ತೇಳು, ಅವನಿಗೆ ಐವತ್ನಾಲ್ಕು. ಇವಳ ಗಂಡ ಸತ್ತು ಹನ್ನೊಂದು ವರ್ಷವಾಗಿತ್ತು, ಅವನ ಹೆಂಡತಿ ಸತ್ತು ಮೂರು. ಕೈವಾರಕ್ಕೆ ಹೋಗಿ ಎರಡು ಹಾರ ಬದಲಾಯಿಸಿಕೊಂಡು, ಒಂದೊಂದು ಕಾಫಿ ಕುಡಿದು, ಸಂಜೆ ಬಸ್ಸಿಗೆ ವಾಪಸ್ಸು ಹತ್ತಿದರು. ಮದುವೆ ಅಂದರೆ ಅಷ್ಟೇ. ಊರು ಒಂದು ವಾರ ಆಡಿಕೊಂಡಿತು. ಆಮೇಲೆ ರೇಷ್ಮೆಗೂಡಿನ ರೇಟು ಬಿತ್ತು, ಊರಿಗೆ ಬೇರೆ ಮಾತು ಸಿಕ್ಕಿತು.

ಆ ಸಂಜೆ ಬಸ್ಸಿನಲ್ಲೇ ಶ್ಯಾಮಲಮ್ಮ ಷರತ್ತು ಹಾಕಿದ್ದಳು.

"ಬಯ್ಯಪ್ಪನೋರೇ, ಬಾಡಿಗೆ, ಗ್ಯಾಸು, ರಾಗಿ, ಕರೆಂಟು ಎಲ್ಲಾ ಅರ್ಧ ಅರ್ಧ. ನಿಮ್ ಅನ್ನ ತಿಂದ್ಲು ಅನ್ನೋ ಮಾತು ನನ್ ಕಿವಿಗೆ ಬೀಳಬಾರದು."

"ಯಾರಂತಾರಮ್ಮ ಹಂಗೆ?"

"ಅಂದೋರಿದ್ರು."

ಅಂದವಳು ಮೊದಲನೇ ಅತ್ತೆ. ಹೊಲದಲ್ಲಿ ಗೇಯ್ದು ಬಂದ ಸೊಸೆ ಎರಡನೇ ಮುದ್ದೆಗೆ ಕೈ ಚಾಚಿದರೆ, "ರಾಗಿ ನಿಮ್ಮಪ್ಪ ಕಳಿಸವ್ನಾ?" ಅನ್ನುತ್ತಿದ್ದಳು. ಆ ಮಾತು ಇಪ್ಪತ್ತು ವರ್ಷ ಶ್ಯಾಮಲಮ್ಮನ ಗಂಟಲಲ್ಲಿ ಮೂಳೆಯಂತೆ ಸಿಕ್ಕಿಕೊಂಡಿತ್ತು.

ಹಾಗೇ ನಡೆಯಿತು. ಒಂದು ತಿಂಗಳ ಬಾಡಿಗೆ ಅವನದು, ಮುಂದಿನ ತಿಂಗಳದ್ದು ಇವಳದು. ಒಂದು ಸಿಲಿಂಡರ್ ಅವನದು, ಇನ್ನೊಂದು ಇವಳದು. ಬಯ್ಯಪ್ಪ ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಆಡಿದ ಮಾತಿಗೆ ಒಂದು ದಿನ ತಪ್ಪುವುದಿಲ್ಲ. ತಾಪತ್ರಯ ಅದೇ. ಅವನಿಗೆ ಬರುವ ಸಂಬಳ ಐವತ್ತು ಸಾವಿರದ ಹತ್ತಿರ, ಇವಳಿಗೆ ಐದು ಸಾವಿರವೂ ಮುಟ್ಟುವುದಿಲ್ಲ. ಬಾಡಿಗೆ ಆರು ಸಾವಿರ. ಅರ್ಧ ಕಿತ್ತರೆ ಅವನಿಗೆ ಹೋಗುವುದು ಒಂದು ಕೂದಲು, ಇವಳಿಗೆ ಇಡೀ ಜುಟ್ಟು. ಅದರ ಮೇಲೆ ಅಡುಗೆ, ಪಾತ್ರೆ, ಅವನ ಬಿಳಿ ಅಂಗಿ, ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರು ಹಿಡಿಯುವುದು ಎಲ್ಲವೂ ಇವಳ ತಲೆಗೇ. ಅದನ್ನು ಯಾರೂ ಅರ್ಧ ಮಾಡಿರಲಿಲ್ಲ.

ಬಿಸಿಯೂಟದ ಹೆಂಗಸರ ಜೊತೆ ಬೆಂಗಳೂರಿಗೆ ಹೋಗಿ, ಮೂರು ದಿನ ಧರಣಿ ಕೂತು, ದುಡಿಮೆಗೆ ತಕ್ಕ ಕೂಲಿ ಕೊಡಿ ಎಂದು ಗಂಟಲು ಹರಿದುಕೊಂಡವಳು ಶ್ಯಾಮಲಮ್ಮ. ಮನೆಯೊಳಗೆ ಮಾತ್ರ ಬಾಯಿ ಬರಲಿಲ್ಲ. ಷರತ್ತು ಹಾಕಿದವಳು ತಾನೇ ಆಗಿದ್ದಳಲ್ಲ. ಬಾಯಿ ಬಿಡುವ ಬದಲು ಬಾಯಿ ಕಟ್ಟಿದಳು. ಅವನ ತಟ್ಟೆಗೆ ಎರಡು ಮುದ್ದೆ, ತನ್ನ ತಟ್ಟೆಗೆ ಒಂದು. ಯಾಕೆ ಒಂದೇ ಎಂದು ಅವನು ಕೇಳಿದರೆ, "ಸ್ಕೂಲಲ್ಲೇ ಉಂಡೆ" ಅನ್ನುವಳು. ಬೇಸಿಗೆ ರಜೆ ಬಂದು ಸ್ಕೂಲಿಗೂ ಬೀಗ, ಸಂಬಳಕ್ಕೂ ಬೀಗ ಬಿದ್ದ ಮೇಲೆ, "ಹೊಟ್ಟೆ ಉಬ್ಬರ" ಅಂದಳು. ಅವನು ನಂಬಿದ. ಇಪ್ಪತ್ತು ದಿನ ಹೊಟ್ಟೆ ಉಬ್ಬರ ಇರುವವಳಿಗೆ ಒಂದು ಲೋಟ ಜೀರಿಗೆ ನೀರು ಕಾಯಿಸಿಕೊಡಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಮೇ ತಿಂಗಳ ಬಾಡಿಗೆ ಇವಳ ಪಾಳಿ. ಐದನೇ ತಾರೀಖಿಗೆ ಕೊಡಬೇಕು. ಮೂರನೇ ತಾರೀಖು ಜಂಗಮಕೋಟೆ ಕಡೆಯ ಆವುಲಪ್ಪ ಬೈಕಿನಲ್ಲಿ ಬಂದ. ಎರಡೂವರೆ ವರ್ಷದ ಹಿಂದೆ ಶ್ಯಾಮಲಮ್ಮ ಒಂದು ಸೀಮೆ ಹಸುವಿನ ಹೆಣ್ಣುಕರು ಕೊಂಡು ಅವನ ಹಟ್ಟಿಗೆ ಪಾಲಿಗೆ ಬಿಟ್ಟಿದ್ದಳು. ಕಾಸು ಹಾಕಿದವರು ಒಬ್ಬರು, ಹುಲ್ಲು ಹಾಕಿ ಸಾಕಿದವರು ಇನ್ನೊಬ್ಬರು. ಈದ ಮೇಲೆ ಬೆಲೆ ಕಟ್ಟಿಸಬೇಕು, ಹಸು ಇಟ್ಟುಕೊಳ್ಳುವವರು ಇನ್ನೊಬ್ಬರಿಗೆ ಅರ್ಧ ದುಡ್ಡು ಕೊಡಬೇಕು. ಆ ಸೀಮೆಯಲ್ಲಿ ಹಿಂದಿನಿಂದ ನಡೆದು ಬಂದ ಕಟ್ಟಲೆ ಅದು.

"ಈದದೆ ಕಣಮ್ಮೋ. ಹೆಣ್ಣುಕರು. ಹೊತ್ತಿಗೆ ಏಳು ಲೀಟ್ರು ಕೊಡ್ತದೆ. ಎಪ್ಪತ್ತು ಸಾವಿರಕ್ಕೆ ಬೆಲೆ ಕಟ್ಟವ್ರೆ. ಮೂವತ್ತೈದು ತಗೊಂಡು ಹಸು ನಂಗೆ ಬಿಟ್ಟುಬಿಡು."

ಶ್ಯಾಮಲಮ್ಮನಿಗಿದ್ದ ಆಸ್ತಿ ಅದೊಂದೇ. ಕೈವಾರದ ಹಾರಕ್ಕೆ ಸರ್ಕಾರದ ಕಾಗದ ಇರಲಿಲ್ಲ. ನಾಳೆ ಬಯ್ಯಪ್ಪ ಕಣ್ಣು ಮುಚ್ಚಿದರೆ ಇವಳಿಗೆ ಪಿಂಚಣಿಯೂ ಇಲ್ಲ, ಮಣ್ಣೂ ಇಲ್ಲ. ಆಗ ಕೈ ಹಿಡಿಯಬೇಕಾದದ್ದು ಆ ಹಸು. ಆದರೆ ನಾಳಿದ್ದು ಬಾಡಿಗೆ. ಬಯ್ಯಪ್ಪನ ಅಂಗಿಯ ಕತ್ತುಪಟ್ಟಿ ಉಜ್ಜುತ್ತಿದ್ದ ಕೈ ನಿಂತಿತು.

"ಕರು ಕೊಂಡಿದ್ದು ನಾನಲ್ವಾ ಆವುಲಪ್ಪ. ಇನ್ನೊಂದೈದು ಸಾವ್ರ ಸೇರಿಸಪ್ಪ."

ಕುರ್ಚಿಯಲ್ಲಿ ಕೂತಿದ್ದ ಬಯ್ಯಪ್ಪ ಪೇಪರು ಮಡಿಸಿದ. "ಅದು ನ್ಯಾಯ ಅಲ್ಲ ಶ್ಯಾಮಲ. ನೀನು ಕಾಸು ಹಾಕಿದ್ದು ಒಂದೇ ಸಲ. ಅವ್ನು ದಿನಾ ಬೆನ್ನು ಬಗ್ಸವ್ನೆ. ಹುಲ್ಲು ಕುಯ್ದು, ಸಗಣಿ ಬಾಚಿದ್ದಕ್ಕೆ ಬೆಲೆ ಇಲ್ವಾ?"

"ನೋಡಮ್ಮ, ಓದಿದೋರು ಅಂದ್ರೆ ಇವ್ರಪ್ಪ" ಎಂದು ಆವುಲಪ್ಪ ಹಿಗ್ಗಿದ.

ಶ್ಯಾಮಲಮ್ಮ ಸೋಪು ನೆಲಕ್ಕಿಟ್ಟಳು.

"ಸರಿ. ಹಸುಗೆ ಬೆನ್ನು ಬಗ್ಸಿದೋನಿಗೆ ಅರ್ಧ. ಈ ಮನೇಲಿ ಬೆನ್ನು ಬಗ್ಸೋಳಿಗೆ ಎಷ್ಟು ಬಯ್ಯಪ್ಪನೋರೇ?"

ಆವುಲಪ್ಪ ತನ್ನ ಬೈಕನ್ನು ಹೊಸದಾಗಿ ಕಂಡವನಂತೆ ನೋಡತೊಡಗಿದ.

"ಅದಕ್ಕೂ ಇದಕ್ಕೂ ಏನ್ ಸಂಬಂಧ? ಅರ್ಧ ಅರ್ಧ ಅಂದಿದ್ದು ನೀನು. ನಾನೇನು ಕೇಳಿದ್ನಾ?"

"ನಾನೇ ಅಂದಿದ್ದು. ಆವತ್ತು ಕಾಸು ಒಂದನ್ನೇ ಎಣಿಸ್ದೆ. ಬೆನ್ನು ಎಣಿಸೋದು ಮರ್ತೆ." ಆವುಲಪ್ಪನ ಕಡೆ ತಿರುಗಿದಳು. "ಹಸು ಮಾರಲ್ಲ ಕಣಪ್ಪ. ಇನ್ನೊಂದು ಸಲ ಈಯೋಗಂಟ ನಿನ್ನತ್ರನೇ ಇರ್ಲಿ. ಹಾಲಲ್ಲಿ ಬೂಸಾ ಖರ್ಚು ಕಳೆದು, ಉಳಿದಿದ್ರಲ್ಲಿ ಅರ್ಧ ಕೊಡು."

"ಹಂಗೇ ಆಗ್ಲಿ ಬಿಡಮ್ಮ" ಎಂದವನೇ ಆವುಲಪ್ಪ ಕಾಫಿಗೂ ನಿಲ್ಲದೆ ಹೊರಟ.

"ಮತ್ತೆ ಬಾಡಿಗೆ?" ಅಂದ ಬಯ್ಯಪ್ಪ.

ಅವಳು ಸೋಪು ಎತ್ತಿಕೊಂಡು ಮತ್ತೆ ಕತ್ತುಪಟ್ಟಿ ಉಜ್ಜತೊಡಗಿದಳು.

ಐದನೇ ತಾರೀಖು ಮಧ್ಯಾಹ್ನ ಮನೆ ಓನರು ಚಿಕ್ಕವೆಂಕಟಮ್ಮ ಬಾಗಿಲಿಗೆ ಬಂದಳು. "ಈ ತಿಂಗಳು ಹೆಂಗಸರ ಪಾಳಿಯೋ, ಗಂಡಸರ ಪಾಳಿಯೋ? ಯಾರದಾದ್ರೂ ಆಗ್ಲಿ, ನೋಟು ಒಂದೇ ಥರ ಇರ್ತದೆ."

ಬಯ್ಯಪ್ಪ ಅಡುಗೆಮನೆಯತ್ತ ನೋಡಿದ. ಒಳಗೆ ಮುದ್ದೆ ತಿರುವುವ ಕೋಲಿನ ಸದ್ದು ನಿಲ್ಲಲಿಲ್ಲ. ಓನರಮ್ಮನೂ ಹೊಸ್ತಿಲಿನಿಂದ ಅಲುಗಲಿಲ್ಲ. ಕೊನೆಗೆ ಅವನೇ ಒಳಗೆ ಹೋಗಿ ಬೀರು ತೆಗೆದು ದುಡ್ಡು ತಂದುಕೊಟ್ಟ. ಆಮೇಲೆ ಬಂದು ತಟ್ಟೆಯ ಮುಂದೆ ಕೂತ.

"ಮುಂದಿನ ತಿಂಗಳು ನೀನು ಕೊಟ್ರಾಯ್ತು."

"ಕೊಡಲ್ಲ."

"ಅಂದ್ರೆ?"

"ಬಾಡಿಗೆ ನಿಮ್ದು. ರಾಗಿ, ಸೊಪ್ಪು ನಂದು. ಗೇಯ್ಮೆನೂ ನಂದೇ. ಒಪ್ಪಿಗೆ ಇಲ್ಲ ಅಂದ್ರೆ ಹೇಳಿ, ಒಂದು ತಿಂಗಳು ನೀವು ಮುದ್ದೆ ತಿರುವಿ, ನೀರು ಹಿಡೀರಿ. ಆ ತಿಂಗಳ ಬಾಡಿಗೆ ನಾನು ಕಟ್ತೀನಿ."

ಅವನು ತಟ್ಟೆ ಮುಂದಕ್ಕೆ ಸರಿಸಿದ. ಅವಳು ಅವನಿಗೆ ಎರಡು ಮುದ್ದೆ ಇಟ್ಟಳು. ತನ್ನ ತಟ್ಟೆಗೂ ಎರಡು ಇಟ್ಟುಕೊಂಡು, ಮೇಲೆ ಸೊಪ್ಪಿನ ಸಾರು ಬಿಟ್ಟುಕೊಂಡು ಅವನೆದುರಿಗೇ ಕೂತಳು. ಮೊದಲನೆಯದು ಮುಗಿಯಿತು. ಎರಡನೆಯದಕ್ಕೆ ಕೈ ಹಾಕಿದಾಗ ಅವನ ಕಣ್ಣು ಅವಳ ತಟ್ಟೆಯ ಮೇಲಿತ್ತು.

"ಎಣಿಸ್ತಿದೀರಾ?"

"ಇಲ್ಲಪ್ಪ" ಅಂದ.

ಎಣಿಸುತ್ತಿದ್ದ. ಅವಳಿಗೂ ಗೊತ್ತಿತ್ತು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಒಂದೊಂದೇ ತುತ್ತು ನುಂಗಿ ಪೂರ್ತಿ ಉಂಡಳು.