ನಾರಿಲ್ಲದ ಮಾವು

ಮಾವಿನ ಜ್ಯೂಸ್ ಕುಡಿದು ಲೋಟ ಕೆಳಗಿಟ್ಟ ನಮ್ಮ ಅತ್ತೆ, ಮಗ್ಗದ ಪಕ್ಕದ ಬುಟ್ಟಿಯಿಂದ ಒಂದೆಳೆ ನೂಲು ತೆಗೆದು ಹಲ್ಲಿನ ಸಂದಿಗೆ ಹಾಕಿ ಎಳೆಯತೊಡಗಿದರು.

"ಏನು ಸಿಕ್ಕೊಂಡೈತ್ರೀ ಅತ್ತಿ?" ಎಂದೆ.

"ಏನೂ ಸಿಗವಲ್ತವ್ವಾ. ಮಾವಿನಹಣ್ಣಂತ ಕೊಟ್ಟಿ, ನಾರೆಲ್ಲೈತಿ?"

ತೆಲಂಗಾಣ ರಾಜ್ಯವಾದ ಮೊದಲ ಚಳಿಗಾಲ ಅದು. ಜ್ವರದಿಂದ ಎದ್ದ ಅತ್ತೆಗೆ ಮಾವಿನಹಣ್ಣಿನ ಆಸೆ ಹತ್ತಿತ್ತು. ಆ ದಿನಗಳಲ್ಲಿ ನಾರಾಯಣಪೇಟೆಯಲ್ಲಿ ಹಣ್ಣು ಎಲ್ಲಿಂದ ತರಲಿ? ಬಾಟಲಿ ತಂದಿದ್ದೆ. ಅದನ್ನು ತಿರುಗಿಸಿ ಚೀಟಿ ಓದಿದೆ: ಮೊದಲು ನೀರು, ಆಮೇಲೆ ಸಕ್ಕರೆ, ಅದಾದ ಮೇಲೆ ಮಾವಿನ ತಿರುಳು. ನಾರಿನ ಮುಂದೆ ಸೊನ್ನೆ.

ಅತ್ತೆಯ ಮಕ್ತಲ್‌ನ ತವರಲ್ಲಿ ಹಣ್ಣು ಚೀಪಿದ ಮೇಲೆ ಅವರವ್ವ ಒಬ್ಬೊಬ್ಬರಿಗೂ ಒಂದೊಂದು ನೂಲೆಳೆ ಹರಿದು ಕೊಡುತ್ತಿದ್ದರಂತೆ. ಮಕ್ಕಳೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತು ಹಲ್ಲಿನ ನಾರು ತೆಗೆಯುತ್ತಿದ್ದರಂತೆ. ಅಂದು ಎಷ್ಟು ಎಳೆದರೂ ಅತ್ತೆಯ ನೂಲು ಬೆಳ್ಳಗೇ ಬಂತು. ಅದನ್ನು ಬಿಸಾಡದೆ ಬೆರಳಿಗೆ ಸುತ್ತಿಕೊಂಡು ಕೂತರು.

ಮುಂದಿನ ಬೇಸಿಗೆಗೆ ಅತ್ತೆ ಇರಲಿಲ್ಲ. ಈಗ ಹಣ್ಣು ಚೀಪಿದಾಗ ಹಲ್ಲಿಗೆ ಸಿಕ್ಕಿಕೊಂಡ ನಾರನ್ನು ನಾನು ತೆಗೆಯಲು ಹೋಗುವುದಿಲ್ಲ. ಸಂಜೆಯವರೆಗೆ ಇರಲಿ ಎಂದು ಬಿಡುತ್ತೇನೆ.