ಬಿಟ್ಟು ಹೋಗುವವರಿಗೆ ಮಾತ್ರ ರಿಯಾಯಿತಿ

ಬೀದಿಗೆಲ್ಲ ಟೈಲರಕ್ಕ ಎನಿಸಿಕೊಂಡ ಅವಳು ಯಾರೊಡನೆಯೂ ಚೌಕಾಸಿ ಮಾಡಿದವಳಲ್ಲ. ಇಂಟರ್ನೆಟ್ಟು, ಟೀವಿ ಎರಡಕ್ಕೂ ಕಂಪನಿ ಕೇಳಿದಷ್ಟನ್ನು ವರ್ಷಗಟ್ಟಲೆ ಕಟ್ಟಿದಳು. ಬೆನ್ನಿಗೆ ಬಿದ್ದ ತಮ್ಮನೇ ಆ ಕಂಪನಿಯಲ್ಲಿ ಗಿರಾಕಿಗಳ ಫೋನು ಎತ್ತುವವನು. ಇನ್ನು ಮೋಸ ಎಲ್ಲಿಂದ ಬರಬೇಕು ಎಂಬ ಧೈರ್ಯ.

ಇವತ್ತು ಎದುರುಮನೆಯಾಕೆ ಪರದೆ ಹೊಲಿಸಲು ಬಂದವಳು, ತನಗೆ ಅದೇ ಕನೆಕ್ಷನ್ ಅರ್ಧ ದರಕ್ಕೆ ಸಿಕ್ಕಿತೆಂದಳು. “ಬಿಟ್ಬಿಡ್ತೀನಿ ಅಂತ ಫೋನಲ್ಲಿ ಹೆದರಿಸಿ, ತಾವಾಗೇ ಇಳಿಸ್ತಾರೆ ಅಂತ ನಿಮ್ಮ ತಮ್ಮನೇ ಹೇಳ್ಕೊಟ್ಟಿದ್ದು.”

ಮಧ್ಯಾಹ್ನ ತಮ್ಮ ಹೊಸ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ. ಎಂದಿನಂತೆ ಬಿಟ್ಟಿ ಕೆಲಸ. ಅವಳು ಹೊಲಿಯುತ್ತಲೇ ಕೇಳಿದಳು.

“ಬೀದಿಗೆಲ್ಲ ಹೇಳ್ಕೊಟ್ಟೆ. ಒಡಹುಟ್ಟಿದ ನಾನು ಕಣ್ಣಿಗೆ ಬೀಳ್ಲಿಲ್ವೇನೋ?”

ಅವನು ಮೊಬೈಲಿನಿಂದ ತಲೆಯೆತ್ತಲಿಲ್ಲ. “ಅದು ಬಿಟ್ಟು ಹೋಗೋರನ್ನ ಉಳಿಸ್ಕೊಳ್ಳೋಕೆ ಅಕ್ಕ. ನೀನೆಲ್ಲಿ ಹೋಗ್ತೀಯ?”

ಹೊಲಿಗೆ ಯಂತ್ರದ ಚಕ್ರ ನಿಂತಿತು. ಅವನು ಕೆಲಸಕ್ಕೆ ಸೇರಿದ ದಿನ ತೊಟ್ಟ ಅಂಗಿಯನ್ನೂ ಇದೇ ಯಂತ್ರದಲ್ಲಿ ಹೊಲಿದಿದ್ದಳು. ಒಂದು ಕಾಲಷ್ಟೇ ಮುಗಿದಿದ್ದ ಪ್ಯಾಂಟನ್ನು ಅವನ ತೊಡೆಯ ಮೇಲೆಸೆದಳು.

“ನೀನು ಬೇರೆ ಕಡೆ ಹೊಲಿಸ್ಕೋ. ಹೊಸ ಗಿರಾಕಿ ಅಂತ ಕಡಿಮೆ ಮಾಡ್ತಾರೆ.”