ತೆಸ್ಮಿಯ ಬಾಗಿಲಿಗೆ ಬಂದ ಬಿಳಿ ಗಡ್ಡೆ

ಓರ್ಲೆ ಊರಿನಲ್ಲಿ ಮುಚ್ಚಳ ಹಾಕಿದ ಯಾವ ಪಾತ್ರೆಯೂ ತೆಸ್ಮಿಯಿಂದ ತಪ್ಪಿಸಿಕೊಂಡದ್ದಿಲ್ಲ. ಸರೋವರದ ಮೀನಿಗೆ ಹೊಗೆ ಕೊಟ್ಟು ಮನೆಮನೆಗೆ ಮಾರುವುದು ಅವಳ ಕಸುಬು. ಹೋದಲ್ಲೆಲ್ಲ ಮುಚ್ಚಳ ಎತ್ತುವಳು, ಒಳಗೆ ಬಗ್ಗಿ ನೋಡುವಳು, "ಇದ್ಯಾಕೆ ಹೀಗೆ?" ಎನ್ನುವಳು. ಐವತ್ತು ದಾಟಿದರೂ ಆ ಬುದ್ಧಿ ಹೋಗಲಿಲ್ಲ. ಅವಳು ಒಂಟಿಯಾಗಿ ಉಳಿದದ್ದೂ ಆ ಬುದ್ಧಿಯಿಂದಲೇ.

ನಡುಚಳಿಗಾಲದಲ್ಲಿ ಕರಗುಹಬ್ಬ ಬರುತ್ತದೆ. ಮನಸ್ಸಿಗೆ ಬೇಕಾದವರಿಗೆ ಕೊಡುವ ಉಡುಗೊರೆಯನ್ನು ನೀರಿನಲ್ಲಿಟ್ಟು ಹೆಪ್ಪುಗಟ್ಟಿಸಿ, ಬೆಳಗಾಗುವ ಮುಂಚೆ ಅವರ ಬಾಗಿಲಲ್ಲಿ ಇಟ್ಟು ಬರಬೇಕು. ಒಪ್ಪಿದವರು ಆ ಮಂಜುಗಡ್ಡೆಯನ್ನು ಒಳಗೆ ತಂದು ತಾನಾಗಿ ಕರಗಲು ಬಿಡುತ್ತಾರೆ. ಒಲ್ಲದವರು ಒಡೆಯುತ್ತಾರೆ. ಒಡೆದ ಮೇಲೆ ಮಾತಿಲ್ಲ.

ತೆಸ್ಮಿಯ ಹರೆಯದಲ್ಲಿ ದೋಣಿ ಕಟ್ಟುವ ತೊರೆಲ ಒಂದು ಗಡ್ಡೆ ಇಟ್ಟಿದ್ದ. ಅವಳಿಗೂ ಅವನೆಂದರೆ ಪ್ರಾಣ. ಒಳಗೆ ತಂದು ಅದರ ಸುತ್ತಲೇ ಸುಳಿದಳು. ನಡುವೆ ಕಪ್ಪಗೆ ಏನೋ ಕಾಣುತ್ತಿತ್ತು. ತಡೆಯಲಾರದೆ ಕೊಡಲಿಯಿಂದ ಒಂದೇಟು ಹಾಕಿದಳು. ಸರಿಯಾಗಿ ಆಗಲೇ ತೊರೆಲ ಬಾಗಿಲಿಗೆ ಬಂದ. ನೆಲದ ತುಂಬ ಚೂರು, ಎರಡು ತುಂಡಾದ ಕೊಂಬಿನ ಬಾಚಣಿಗೆ. ತುಂಡುಗಳನ್ನು ಎತ್ತಿಕೊಂಡು ಹೊರಟೇಬಿಟ್ಟ. "ನೋಡೋ ಆಸೆಗೆ ಒಡೆದೆ ಕಣೋ!" ಎಂದು ಅವಳು ಕೂಗಿದಳು. ಹಾಗೆ ಒಡೆದವರು ಆ ಊರಿನಲ್ಲಿ ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ, ಅವನು ನಂಬುವುದಾದರೂ ಹೇಗೆ? ಆಚೆ ದಡದ ಹೆಣ್ಣನ್ನು ಮದುವೆಯಾದ. ಆಕೆ ತೀರಿಕೊಂಡು ಈಗ ಕೆಲವು ವರ್ಷ.

ಈ ಸಲದ ಹಬ್ಬದ ಬೆಳಿಗ್ಗೆ ತೆಸ್ಮಿಯ ಬಾಗಿಲಲ್ಲಿ ಮತ್ತೆ ಒಂದು ಗಡ್ಡೆ ಕೂತಿತ್ತು. ಪಕ್ಕದ ಮನೆಯ ರುಲ್ಕೆ ಓಡಿ ಬಂದಳು.

"ಅಕ್ಕಾ, ನಿನ್ನ ಕೊಡ್ಲಿ ಕೊಡು. ಇವತ್ತೊಂದಿನ ನಮ್ಮನೇಲಿರ್ಲಿ."

"ನಿನ್ನ ನಾಲಿಗೇನೂ ಅದ್ರ ಜೊತೆಗೇ ಇಟ್ಕೊಂಡಿರು," ಎಂದು ಗದರಿದರೂ ತೆಸ್ಮಿ ಕೊಡಲಿಯನ್ನು ಕೊಟ್ಟು ಕಳಿಸಿದಳು.

ಗಡ್ಡೆ ಹಾಲಿನಷ್ಟು ಬಿಳಿ, ಒಳಗಿನದೇನೂ ಕಾಣದು. ತಪ್ಪಲೆಯಲ್ಲಿಟ್ಟು ಮೂಸಿದಳು, ತಿರುಗಿಸಿದಳು, ಕಿವಿ ಹಚ್ಚಿದಳು. ಒಲೆಯ ಪಕ್ಕದ ಕಬ್ಬಿಣದ ಸಲಾಕೆ ಕಣ್ಣಿಗೆ ಬಿತ್ತು. ಅದನ್ನು ಹೊರಗಿನ ಹಿಮಕ್ಕೆ ಎಸೆದು ಬಂದು, ಎರಡು ಕೈಯನ್ನೂ ತೊಡೆಯಡಿ ಇಟ್ಟುಕೊಂಡು ಕೂತಳು. ಈ ಸಲ ಒಡೆದರೆ ಇನ್ನೊಂದು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ತೊರೆಲ ಬಂದ. ಮೊದಲು ನೆಲ ನೋಡಿದ.

"ಕೊಡ್ಲಿ ಎಲ್ಲಿ?"

"ರುಲ್ಕೆ ಮನೇಲಿ."

"ಹಾಗಾದ್ರೆ ಕೂತ್ಕೋಬೋದು."

"ಒಳಗೇನಿದೆ, ಹೇಳ್ಬಿಡು ಮಾರಾಯ."

"ಹೇಳಲ್ಲ. ನೀನು ನೋಡ್ಬಾರ್ದು ಅಂತಾನೇ ನೀರಿಗೆ ಹಾಲು ಬೆರೆಸಿದ್ದು."

"ಚಿಕ್ಕದೋ ದೊಡ್ಡದೋ, ಅಷ್ಟಾದ್ರೂ?"

"ತೆಸ್ಮೀ!"

"ಸರಿ, ಬೇರೆ ಕೇಳ್ತೀನಿ. ಅವತ್ತು ನಾನು ಕೂಗಿದ್ದು ಕೇಳಿಸ್ತಾ ನಿಂಗೆ?"

ತೊರೆಲ ಕೈಗವಸು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡ. "ಕೇಳಿಸ್ತು. ನಂಬ್ಲಿಲ್ಲ. ಮೊನ್ನೆ ಮೀನು ತಂದೋಳು ನನ್ನ ಅಂಟಿನ ಮಡಕೆ ಮುಚ್ಚಳ ತೆಗೆದು ಮೂಗು ಸುಟ್ಕೊಂಡ್ಯಲ್ಲ, ಆಗ ನಂಬ್ದೆ."

ತೆಸ್ಮಿ ಮೂಗು ಮುಟ್ಟಿಕೊಂಡಳು. ಆಮೇಲೆ ಇಷ್ಟು ವರ್ಷ ಕೇಳದೆ ಉಳಿದದ್ದನ್ನೆಲ್ಲ ಒಂದೊಂದಾಗಿ ಕೇಳತೊಡಗಿದಳು. ಹೆಂಡತಿ ಸಾರಿಗೆ ಏನು ಹಾಕುತ್ತಿದ್ದಳು, ಅವಳು ಹೋದ ಮೇಲೆ ಯಾರ ಹತ್ತಿರ ಮಾತಾಡುತ್ತಿದ್ದೆ, ದೋಣಿಯ ಮೂತಿಯನ್ನು ಎಡಕ್ಕೆ ಯಾಕೆ ಬಾಗಿಸುತ್ತೀ. ಅವನು ಬಿಡಿಸಿ ಬಿಡಿಸಿ ಹೇಳಿದ. ಕತ್ತಲಾಗುವ ಮುಂಚೆ, ನಾಳೆ ಬರುತ್ತೇನೆಂದು ಎದ್ದುಹೋದ.

ಮರುದಿನ ಕೊಡಲಿ ಹಿಂದಕ್ಕೆ ಕೊಡಲು ಬಂದ ರುಲ್ಕೆ ಹೊಸ್ತಿಲಲ್ಲೇ ಕೇಳಿದಳು: "ಒಳಗೇನಿತ್ತಕ್ಕಾ?"

ತೆಸ್ಮಿ ತಪ್ಪಲೆಯ ಕಡೆ ತಿರುಗಿದಳು.

"ಅಯ್ಯೋ, ನೋಡೇ ಇಲ್ಲ ಕಣೇ!"

ಇಬ್ಬರೂ ತಪ್ಪಲೆಗೆ ಬಗ್ಗಿದರು. ಹಾಲುನೀರಿನಲ್ಲಿ ಏನೂ ಕಾಣಲಿಲ್ಲ. ತೆಸ್ಮಿ ಕೈ ಹಾಕಿ ಎತ್ತಿದಳು. ಅದೇ ಕೊಂಬಿನ ಬಾಚಣಿಗೆ. ಮುರಿದಲ್ಲಿ ಪಟ್ಟಿ ಇಟ್ಟು ಜೋಡಿಸಿ, ದೋಣಿಗೆ ಬಳಸುವ ತಾಮ್ರದ ಮೊಳೆ ಹೊಡೆದಿದ್ದ ತೊರೆಲ.